ಹಯಾತ್ ಸಾಬರ ಎರಡು ಹಲ್ಲು

ಕ್ಲಾರಿಯೋನೆಟ್ ಊದಲು ಉಸಿರು ಬೇಕು, ಬೆರಳು ಬೇಕು ಎಂದು ಎಲ್ಲರಿಗೂ ಗೊತ್ತು. ಹಲ್ಲು ಬೇಕು ಎಂದು ಎಷ್ಟು ಜನಕ್ಕೆ ಗೊತ್ತು? ಹೋಳಿಗೆ ಉಂಡು, ಬ್ಯಾಂಡಿನ ಮುಂದೆ ಕೈಕಾಲು ಝಾಡಿಸಿ ಕುಣಿದು ಮನೆಗೆ ಹೋಗುವವರಿಗೆ ಅದೆಲ್ಲ ಯಾಕೆ ಬೇಕು ಬಿಡಿ! ಆದರೆ ನಾನು ಹಯಾತ್ ಸಾಬರ ಪಕ್ಕದಲ್ಲಿ ಸೈಡ್ ಡ್ರಮ್ ಹೆಗಲಿಗೆ ನೇತುಹಾಕಿಕೊಂಡು ಇಪ್ಪತ್ತು ವರ್ಷ ಮೆರವಣಿಗೆ ನಡೆದವನು. ಅವರ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ಮೇಲೆ ನಮ್ಮ ಇಡೀ ಬ್ಯಾಂಡ್ ಸೆಟ್ಟು ನಿಂತಿತ್ತು ಎಂದರೆ ನೀವು ನಂಬಬೇಕು.

ನಾನು ಶಿವಯೋಗಪ್ಪ. ಹರಿಹರದ ಸ್ಟೇಷನ್ ರಸ್ತೆಯಲ್ಲಿ ನನ್ನದು ಸೈಕಲ್ ಶಾಪು. ಮದುವೆಗಳಿದ್ದಾಗ ಅಂಗಡಿಗೆ ಬಾಗಿಲು ಹಾಕಿ ಡ್ರಮ್ ಹಿಡಿಯುತ್ತೇನೆ. ಹಯಾತ್ ಸಾಬರದು ಹಾಸಿಗೆ ಕೆಲಸ. ಹತ್ತಿ ಹಿಂಜಿ, ತುಂಬಿ, ದಪ್ಪ ಸೂಜಿಯಲ್ಲಿ ಹೊಲಿದು, ಕೋಲಿನಲ್ಲಿ ಬಡಿದು ಸಮ ಮಾಡಬೇಕು. ಹಗಲೆಲ್ಲ ಹಾಸಿಗೆ ಬಡಿಯುವ ಆ ಕೈ ಸಂಜೆ ಮದುವೆ ಮನೆಯ ಮುಂದೆ ಕ್ಲಾರಿಯೋನೆಟ್ಟಿನ ಮೇಲೆ ಹೆಂಗೆ ಅಷ್ಟು ಹಗುರಾಗಿ ಆಡುತ್ತಿತ್ತೋ, ಆ ದೇವರಿಗೇ ಗೊತ್ತು. ನನಗಂತೂ ಅರ್ಥವಾಗಿಲ್ಲ.

ಆ ಕ್ಲಾರಿಯೋನೆಟ್ಟು ಅವರ ತಂದೆ ಖಾಜಾ ಹುಸೇನ್ ಸಾಬರದು. ಬಾಯಿಗಿಡುವ ಕಪ್ಪು ಮೌತ್‌ಪೀಸಿನ ಮೇಲ್ಭಾಗದಲ್ಲಿ ಎರಡು ಸಣ್ಣ ತಗ್ಗುಗಳಿವೆ. ಊದುವಾಗ ಮೇಲಿನ ಹಲ್ಲು ಅಲ್ಲಿ ಕೂರಬೇಕು. ಖಾಜಾ ಹುಸೇನ್ ಸಾಬರ ಹಲ್ಲು ವರ್ಷಗಟ್ಟಲೆ ಕೂತು ಕೂತು ಸವೆಸಿದ ತಗ್ಗು ಅವು. ಆಮೇಲೆ ಅದೇ ಜಾಗದಲ್ಲಿ ಮಗನ ಹಲ್ಲು ಕೂತವು. ಒಮ್ಮೆ ನಾನು ಬೆರಳಿಟ್ಟು ನೋಡಲು ಹೋದಾಗ ಸಾಬರು ಫಟಾರನೆ ನನ್ನ ಕೈಗೆ ಬಾರಿಸಿದ್ದರು.

"ಅದು ಅಪ್ಪನ ಜಾಗ ಕಣೋ. ಅಲ್ಲಿ ಸೈಕಲ್ ಗ್ರೀಸ್ ಹಚ್ಚಬ್ಯಾಡ."

ತಂದೆ ಕಲಿಸಿದ್ದು ಊದುವುದನ್ನಷ್ಟೇ ಅಲ್ಲ. ಹಲ್ಲು ಜಾರಿದರೆ ಸ್ವರ ಜಾರುತ್ತದೆ, ಅದಕ್ಕೆ ಬೆರಳಿಟ್ಟರೆ 'ಕುಯ್' ಎನ್ನುವವರೆಗೆ ಹಲ್ಲು ತಿಕ್ಕಬೇಕು ಎಂದು ಅವರ ಕಟ್ಟಪ್ಪಣೆ. ಮಗ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಚಿಕ್ಕಂದಿನಲ್ಲಿ ಇದ್ದಿಲು, ಆಮೇಲೆ ಹಲ್ಲುಪುಡಿ, ಆಮೇಲೆ ಬ್ರಶ್ಶು. ಹಾಸಿಗೆ ಬಡಿಯುವ ಕೈಯಲ್ಲಿ ದಿನಾ ಬೆಳಿಗ್ಗೆ ತಿಕ್ಕಿದ್ದೇ ತಿಕ್ಕಿದ್ದು. ಹೊಸ ಬ್ರಶ್ಶು ವಾರದೊಳಗೆ ಕಾಲುದಾರಿಯ ಹುಲ್ಲಿನಂತೆ ನೆಲಕ್ಕೆ ಮಲಗುತ್ತಿತ್ತು. ಹಲ್ಲು ಮಾತ್ರ ಬೆಳ್ಳಗೆ ಫಳಫಳ ಅನ್ನುತ್ತಿದ್ದವು. ನಾವೆಲ್ಲ ಅದನ್ನೇ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆವು.

ತೊಂಬತ್ತೇಳನೇ ಇಸವಿ ಕೊನೆಯಲ್ಲಿ ದಾವಣಗೆರೆಯ ಒಂದು ಮದುವೆಯಲ್ಲಿ ಮೊದಲ ಸಲ ಅವರ ಸ್ವರ ಒಡೆಯಿತು. ಮೆರವಣಿಗೆ ನಡುರಸ್ತೆಯಲ್ಲಿತ್ತು. ಏರು ಸ್ವರಕ್ಕೆ ಹೋದವರು ತಟ್ಟನೆ ನಿಂತು ಕ್ಲಾರಿಯೋನೆಟ್ಟು ಕೆಳಗಿಳಿಸಿದರು. ನಾನು ಡ್ರಮ್ಮಿನಲ್ಲೇ ಹೆಂಗೋ ತುಂಬಿಸಿದೆ. ಮದುವೆಯವರಿಗೆ ಗೊತ್ತಾಗಲಿಲ್ಲ. ತಿಂಡಿಗೆ ಕೂತಾಗ ಸಾಬರು ಮಿರ್ಚಿಯನ್ನು ಪಕ್ಕಕ್ಕೆ ತಳ್ಳಿ, ಮಂಡಕ್ಕಿಯನ್ನು ಚಹಾದಲ್ಲಿ ನೆನೆಸಿಕೊಂಡು ತಿಂದರು.

"ಏನ್ರಿ ಸಾಬ್ರೆ, ಬಾಯಾಗೆ ಏನಾಗೈತೆ?"

"ಅಲ್ಲಾಡ್ತಾವೆ ಶಿವಯೋಗಿ. ಎರಡೂ."

ಆಮೇಲೆ ಬಸ್ಸಿನಲ್ಲಿ ಹರಿಹರದವರೆಗೂ ನಾಲಿಗೆಯಿಂದ ಆ ಎರಡನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮಾರನೇ ವಾರ ದಾವಣಗೆರೆಯಲ್ಲಿ ನಯನಾ ಎಂಬ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ನಾನೇ ದರದರ ಎಳೆದುಕೊಂಡು ಹೋದೆ. ಚಿಕ್ಕ ವಯಸ್ಸು, ಚುರುಕು ಮಾತು. ಕನ್ನಡಿ ಹಿಡಿದು ಸಾಬರಿಗೇ ತೋರಿಸಿದರು. ಒಸಡು ಮೇಲೆ ಸರಿದು ಹೋಗಿ ಹಲ್ಲಿನ ಬೇರು ಬಯಲಾಗಿತ್ತು.

"ಹಲ್ಲು ಉಜ್ಜಲ್ಲ ಅಂತ ಬರೋರನ್ನ ನೋಡೀನಿ ಸಾಹೇಬ್ರೆ. ಉಜ್ಜಿ ಉಜ್ಜಿ ಹಾಳು ಮಾಡ್ಕೊಂಡೋರನ್ನ ಇವತ್ತೇ ನೋಡಿದ್ದು. ಪಾತ್ರೆ ಉಜ್ತೀರೋ, ಹಲ್ಲು ಉಜ್ತೀರೋ?"

ಸಾಬರು ತಲೆ ತಗ್ಗಿಸಿದರು. ವಾದ್ಯಕ್ಕಾಗಿಯೇ ಹಲ್ಲು ಕಾಪಾಡುತ್ತಿದ್ದೇನೆ ಎಂದು ನಂಬಿಕೊಂಡ ಮನುಷ್ಯ, ಅದೇ ಕೈಯಲ್ಲಿ ಅವನ್ನು ಸಡಿಲ ಮಾಡಿಕೊಂಡಿದ್ದ. ನನಗೆ ಅವರ ಮುಖ ನೋಡಲಾಗಲಿಲ್ಲ.

ಡಾಕ್ಟರಮ್ಮ ಒಸಡು ಸ್ವಚ್ಛ ಮಾಡಿ, ಔಷಧಿ ಕೊಟ್ಟು, ಯುಗಾದಿ ಕಳೆದ ಮೇಲೆ ಬರಲು ಹೇಳಿದರು. ಅಷ್ಟರೊಳಗೆ ಗಟ್ಟಿಯಾದರೆ ಸರಿ, ಇಲ್ಲದಿದ್ದರೆ ಎರಡನ್ನೂ ತೆಗೆಯಬೇಕು. ಒತ್ತಿ ಉಜ್ಜುವುದು ಬಿಲ್‌ಕುಲ್ ನಿಲ್ಲಬೇಕು. ಆದರೆ ನಲವತ್ತು ವರ್ಷ ಒತ್ತಿ ರೂಢಿಯಾದ ಕೈಗೆ 'ಒತ್ತಬ್ಯಾಡ' ಅಂದರೆ ಕೇಳೀತೇ? ಅದಕ್ಕೇ ಅವರು ಕರೆಂಟಿನ ಬ್ರಶ್ಶಿನ ಮಾತು ತೆಗೆದರು.

"ಅದೇ ಉಜ್ಜುತ್ತೆ, ನೀವು ಹಲ್ಲಿಗಿಟ್ರೆ ಸಾಕು. ಎರಡು ತರ ಬರ್ತಾವೆ. ಒಂದು ಚಾರ್ಜ್ ಮಾಡೋದು. ದುಂಡು ತಲೆ, ಜೋರಾಗಿ ತಿರುಗುತ್ತೆ, ಅದು ಒಳ್ಳೇದು. ಇನ್ನೊಂದು ಸೆಲ್ ಹಾಕೋದು. ಉದ್ದ ತಲೆ, ಸುಮ್ನೆ ನಡುಗುತ್ತೆ. ಸ್ವಲ್ಪ ಒತ್ತಿದ್ರೆ ಸಾಕು, ಸೊರಗಿಬಿಡುತ್ತೆ. ಅದಕ್ಕೇ ಚಾರ್ಜಿಂದೇ ತಗೊಳ್ರಿ."

ಅದೃಷ್ಟಕ್ಕೆ, ಸಾಬರ ಹೆಂಡತಿ ಮೆಹರ್ ಬಾನು ಅವರ ತಮ್ಮ ಫಜಲುಲ್ಲಾ ಜೆದ್ದಾದಲ್ಲಿದ್ದ. ರಂಜಾನ್ ಹಬ್ಬಕ್ಕೆ ರಜೆಯ ಮೇಲೆ ಬರುವವನಿಗೆ ಫೋನ್ ಮಾಡಿಸಿದರು. ಅವನು ಭಾವನಿಗೆಂದು ಅಲ್ಲಿನ ದೊಡ್ಡ ಅಂಗಡಿಯಿಂದ ಚಾರ್ಜಿನ ಬ್ರಶ್ಶನ್ನೇ ತಂದ. ಬಿಳಿ ಸ್ಟ್ಯಾಂಡು, ಹಸಿರು ದೀಪ, ಅಬ್ಬಾ, ಏನು ಠೀವಿ! ಅದರ ಪಿನ್ನು ನಮ್ಮ ಸಾಕೆಟ್ಟಿಗೆ ಕೂರದೆ ನಾನೇ ಹೋಗಿ ಬೇರೆ ಪಿನ್ನು ಹಾಕಿಕೊಟ್ಟೆ. ಮೆಹರ್ ಬಾನು ಭಾಬಿ ಅದನ್ನು ಶೋಕೇಸಿನಲ್ಲಿ ಇಡಬೇಕೋ ಬಚ್ಚಲ ಹತ್ತಿರ ಇಡಬೇಕೋ ಎಂದು ಒಂದು ದಿನ ಯೋಚನೆ ಮಾಡಿದರು.

ಸಾಬರು ಬಾಯಿಗಿಟ್ಟು ಗುಂಡಿ ಒತ್ತಿದರು. ಗರ್ರ್‌ರ್ ಎಂದಿತು. ತಕ್ಷಣ ತೆಗೆದು ಅಂಗಳದಲ್ಲಿ ಉಗಿದರು.

"ಇದರ ಜೊತೆ ಆಗಲ್ಲ ಶಿವಯೋಗಿ. ಅಪಸ್ವರ."

ನಾನು ದಂಗಾದೆ. "ಅಲ್ರೀ, ಹಲ್ಲುಜ್ಜೋಕೆ ತಂದಿದ್ದೋ, ಕಚೇರಿ ಮಾಡೋಕೋ?"

"ನಿನ್ನದು ಚರ್ಮದ ವಾದ್ಯ, ನಿನಗೆ ತಿಳಿಯಲ್ಲ. ಕ್ಲಾರಿಯೋನೆಟ್ ಕಿವಿಯಿಂದ ಕೇಳೋದಲ್ಲೋ, ಹಲ್ಲಿನಿಂದ ಕೇಳೋದು. ಹಲ್ಲಿನ ಮೂಲಕ ಸ್ವರ ತಲಿಯೊಳಗೆ ಇಳೀತೈತೆ. ಬೆಳಿಗ್ಗೆ ಎದ್ದು ಇದನ್ನ ಇಟ್ಕೊಂಡ್ರೆ ದಿನವೆಲ್ಲ ತಲಿಯೊಳಗೆ ಜಗಳ."

ಆದರೂ ಬಾಮೈದನ ಮುಖ ನೋಡಿ ಒಂದಷ್ಟು ದಿನ ಉಪಯೋಗಿಸಿದರು. ಅಪಸ್ವರವನ್ನು ಅಡಗಿಸಲೆಂದೋ ಏನೋ ಮತ್ತಷ್ಟು ಗಟ್ಟಿಯಾಗಿ ಒತ್ತುತ್ತಿದ್ದರು. ಅದು ಜಗ್ಗುವ ಜಾತಿಯಲ್ಲ. ಒತ್ತಿದಷ್ಟೂ ಅದೇ ಜೋರಿನಲ್ಲಿ ಗುರುಗುಟ್ಟುತ್ತಿತ್ತು. ಉಗಿದರೆ ರಕ್ತ. ನೋಡಿ ನನಗೆ ಹೆದರಿಕೆಯಾಯಿತು. ಬ್ಯಾಂಡಿನ ಹೆದರಿಕೆ ಒಂದು ಕಡೆ, ಈ ಮನುಷ್ಯ ಊದುವುದು ಬಿಟ್ಟರೆ ಏನಾಗಿಬಿಡುತ್ತಾನೋ ಎಂಬ ಹೆದರಿಕೆ ಇನ್ನೊಂದು ಕಡೆ.

ಫಜಲುಲ್ಲಾ ಜೆದ್ದಾಕ್ಕೆ ವಾಪಸ್ ಹೋದ ಮೇಲೆ ನಾವಿಬ್ಬರೂ ದಾವಣಗೆರೆಗೆ ಹೋದೆವು. ಮಂಡಿಪೇಟೆಯ ಆಚೆ ಕೊಟ್ಟೂರೇಶ್ ಎಂಬವರದು ಫಾರಿನ್ ಸಾಮಾನಿನ ಅಂಗಡಿ. ಸೆಂಟು, ಟಾರ್ಚು, ಕ್ಯಾಲ್ಕುಲೇಟರು, ಎಲ್ಲ ಗಾಜಿನ ಕಪಾಟಿನೊಳಗೆ. ಅಲ್ಲಿ ಸೆಲ್ಲಿನ ಬ್ರಶ್ಶು ಸಿಕ್ಕಿತು. ನೀಲಿ ಬಣ್ಣದ್ದು, ಮಕ್ಕಳ ಆಟದ ಸಾಮಾನಿನಂಥದ್ದು.

"ಸೆಲ್ ಹಾಕಿ ತೋರಿಸ್ರಿ" ಅಂದರು ಸಾಬರು.

ಕೊಟ್ಟೂರೇಶ್ ಸೆಲ್ ಹಾಕಿ ಕೊಟ್ಟರು. ಸಾಬರು ಗುಂಡಿ ಸರಿಸಿ, ಬ್ರಶ್ಶನ್ನು ತಿರುಗಾಮುರುಗಾ ಹಿಡಿದು, ಹಿಂಬದಿಯ ಪ್ಲಾಸ್ಟಿಕ್ ಹಿಡಿಕೆಯನ್ನು ತಮ್ಮ ಕೆಳಗಿನ ಹಲ್ಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಮ್ಮ ಕಡೆ ತಿರುಗಿದರು. ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಅಣ್ಣಾರ ಹಿಂಗ್ಯಾಕ ಮಾಡ್ತಾರ್ರೀ?" ಎಂದು ಕೊಟ್ಟೂರೇಶ್ ನನ್ನ ಕಿವಿಯಲ್ಲಿ ಕೇಳಿದರು.

"ಅವರಿಗೆ ಹಂಗೇ ಐತೆ, ನೀವು ಸುಮ್ನಿರ್ರಿ" ಅಂದೆ.

ಸಾಬರು ಕಣ್ಣು ತೆರೆದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಬಂದಿತ್ತು. "ಕಪ್ಪು ಐದು!"

ಹಾರ್ಮೋನಿಯಂನಲ್ಲಿ ಐದನೇ ಕಪ್ಪು ಮನೆ. ಅದೇ ನಮ್ಮ ಬ್ಯಾಂಡಿನ ಶ್ರುತಿ. ಇರಲಿ, ಅದಕ್ಕೆ? ನನಗೆ ರೇಗಿಹೋಯಿತು. ಅಂಗಡಿ ಎಂಬುದನ್ನೂ ಮರೆತು ಕೂಗಿದೆ.

"ಡಾಕ್ಟರಮ್ಮ ಏನ್ ಹೇಳಿದ್ರು, ನೀವೇನ್ ಮಾಡ್ತಾ ಇದೀರಿ? ಇದು ನಡುಗೋದು, ಒತ್ತಿದ್ರೆ ಸೊರಗುತ್ತೆ ಅಂತ ಅವರು ಬಾಯಿಬಿಟ್ಟು ಹೇಳ್ಯಾರೆ. ಹಲ್ಲು ಉಳೀಬೇಕೋ, ಶ್ರುತಿ ಉಳೀಬೇಕೋ?"

"ನನಗೆ ಅವೆರಡೂ ಬ್ಯಾರೆ ಬ್ಯಾರೆ ಅಲ್ಲೋ" ಅಂದರು. ಸೆಲ್ಲಿನ ಬ್ರಶ್ಶನ್ನೇ ಕಟ್ಟಿಸಿಕೊಂಡರು. ನಾನು ಬಸ್‌ಸ್ಟ್ಯಾಂಡಿನವರೆಗೂ ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದೆ.

ಮನೆಯಲ್ಲಿ ಭಾಬಿಯದು ಇನ್ನೊಂದು ರಾಮಾಯಣ. ಗಂಡನ ಹತ್ತಿರ ಉರ್ದು, ನನ್ನ ಹತ್ತಿರ ಕನ್ನಡ, ಬೈಗುಳ ಮಾತ್ರ ಇಬ್ಬರಿಗೂ ತಿಳಿಯಲಿ ಎಂದು ಎರಡರಲ್ಲೂ.

"ನನ್ನ ತಮ್ಮ ಅಷ್ಟು ದೂರದಿಂದ ತಂದಿದ್ದು ಇವರ ಬಾಯಿಗೆ ಸೇರಲ್ಲ. ಈ ಪೀಪಿ ಬ್ರಶ್ ಸೇರತೈತೆ. ಏನ್ ಶ್ರುತಿನೋ ಏನೋ! ಮೂವತ್ತು ವರ್ಷ ಆತು ಶಿವಯೋಗಣ್ಣ, ಇವರು ಊದೋದು ಯಾವಾಗ ಶುರು ಆಗತೈತೆ, ಯಾವಾಗ ನಿಲ್ತೈತೆ, ಅಷ್ಟೇ ನನಗೆ ತಿಳಿಯೋದು."

ಈ ಮಾತು ಭಾಬಿ ತಮಾಷೆಗೆ ಆಡುತ್ತಿದ್ದರು. ಆದರೆ ಸಾಬರಿಗೆ ಅದು ನೋಯುತ್ತಿತ್ತು, ನಾನು ಬಲ್ಲೆ. ಊರೆಲ್ಲ ಕೇಳುತ್ತದೆ, ಹೆಂಡತಿ ಕೇಳುವುದಿಲ್ಲ ಎಂದು ಒಮ್ಮೆ ಹೊಳೆಯ ದಂಡೆಯಲ್ಲಿ ಕೂತಾಗ ನನ್ನ ಹತ್ತಿರ ಹೇಳಿಕೊಂಡಿದ್ದರು. ಮದುವೆಯಾದ ಹೊಸದರಲ್ಲಿ ಸ್ವರ ಹೇಳಿಕೊಡಲು ಕೂರಿಸಿಕೊಂಡರೆ ಭಾಬಿ ನಿದ್ದೆ ಮಾಡಿಬಿಟ್ಟಿದ್ದರಂತೆ.

ಅವರ ಮನೆ ನನ್ನ ಮನೆಯ ಹಿಂದಿನ ಓಣಿಯಲ್ಲೇ. ನಮಾಜು ಮುಗಿಸಿ ಬಂದು ಅಂಗಳದ ನಲ್ಲಿಯ ಹತ್ತಿರ ನಿಂತು ಸಾಬರು ಬ್ರಶ್ಶು ಶುರು ಮಾಡಿದರೆ 'ಗುಂಯ್' ಎಂಬ ಸಣ್ಣ ನಾದ ನನ್ನ ಕಿಟಕಿಗೂ ಬರುತ್ತಿತ್ತು. ಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ದಿನ ಚಹಾ ಕುಡಿಯುತ್ತ ಕೂತವನಿಗೆ ಏನೋ ಹೊಳೆದು, ಲೋಟ ಅಲ್ಲೇ ಇಟ್ಟು ಅವರ ಅಂಗಳಕ್ಕೆ ಹೋದೆ.

ಸಾಬರು ಬಾಗಿ ನಿಂತಿದ್ದರು. ಹಾಸಿಗೆ ಬಡಿಯುವ ಕೈ ಅಭ್ಯಾಸಬಲದಿಂದ ಬ್ರಶ್ಶನ್ನು ಹಲ್ಲಿಗೆ ಒತ್ತಿತು. ಒತ್ತಿದ ಕೂಡಲೇ ನಾದ 'ಗೊಂಯ್' ಎಂದು ಕೆಳಗಿಳಿಯಿತು. ಸಾಬರ ಹುಬ್ಬು ಗಂಟಿಕ್ಕಿತು. ತಾವಾಗಿಯೇ ಕೈ ಸಡಿಲ ಬಿಟ್ಟರು. ನಾದ ಮತ್ತೆ ಮೇಲೇರಿ ಶ್ರುತಿಗೆ ನಿಂತಿತು. ಮತ್ತೆ ಒತ್ತು, ಮತ್ತೆ ಇಳಿತ, ಮತ್ತೆ ಸಡಿಲ. ಅವರ ಕಿವಿಗೆ ಅಪಸ್ವರ ಸಹಿಸುವ ಶಕ್ತಿಯೇ ಇಲ್ಲ. ಡಾಕ್ಟರಮ್ಮ ಹೇಳಿದರೆ ಕೇಳದ ಕೈ ಕಿವಿ ಹೇಳಿದರೆ ಕೇಳುತ್ತಿತ್ತು. ಸಾಬರು ಇದನ್ನೆಲ್ಲ ಲೆಕ್ಕ ಹಾಕಿ ಆರಿಸಿಕೊಂಡಿರಲಿಲ್ಲ. ನಾನು ಬಿಡಿಸಿ ಹೇಳಿದಾಗ ಅವರೇ ಬಾಯಲ್ಲಿ ನೊರೆ ತುಂಬಿಕೊಂಡು ನನ್ನನ್ನು ಪಿಳಿಪಿಳಿ ನೋಡಿದರು.

ಸೆಲ್ ಸ್ವಲ್ಪ ಇಳಿದರೂ ಸ್ವರ ಇಳಿಯುತ್ತದಲ್ಲ, ಆಗ ಅವರಿಗೆ ತಡೆಯುತ್ತಿರಲಿಲ್ಲ, ಹೊಸದು ಹಾಕಿಬಿಡುತ್ತಿದ್ದರು. ಹಳೇ ಸೆಲ್ಲುಗಳೆಲ್ಲ ಭಾಬಿಯ ಗೋಡೆ ಗಡಿಯಾರಕ್ಕೆ, ಟಾರ್ಚಿಗೆ, ಕೊನೆಗೆ ನಮ್ಮ ಮನೆಯ ರೇಡಿಯೋಕ್ಕೂ ಬಂದವು.

ಯುಗಾದಿ ಕಳೆದ ಮೇಲೆ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ಸಣ್ಣ ಕಡ್ಡಿಯಿಂದ ಬಲಗಡೆಯ ಹಲ್ಲು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಎಡಗಡೆಯದನ್ನು ಮುಟ್ಟಿದರು. ಅದು ಅಲ್ಲಾಡಿತು. ಮತ್ತೆ ಮುಟ್ಟಿ ನೋಡಿ ಕಡ್ಡಿ ಕೆಳಗಿಟ್ಟರು.

"ಒಸಡು ಎಷ್ಟು ಚೆನ್ನಾಗಿ ಕೂಡ್ಕೊಂಡೈತೆ! ಬಲಗಡೆದು ಗಟ್ಟಿ ಆಗೈತೆ. ಆದ್ರೆ ಎಡಗಡೆದು ನಮ್ಮ ಕೈ ಮೀರೈತೆ ಸಾಹೇಬ್ರೆ. ತೆಗೀಲೇಬೇಕು, ಇಲ್ಲಾಂದ್ರೆ ಪಕ್ಕದ್ದನ್ನೂ ಕೆಡಿಸುತ್ತೆ."

ಯಾವ ಬ್ರಶ್ಶು ಎಂದು ಕೇಳಿದರು. ನಾನು ಅಂಗಡಿಯಿಂದ ಹಿಡಿದು 'ಗೊಂಯ್'ವರೆಗೂ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಮ್ಮ ಮಾಸ್ಕ್ ಕೆಳಗೆಳೆದು ಗಟ್ಟಿಯಾಗಿ ನಕ್ಕರು. ತಮ್ಮ ಮಾತು ಸಾಬರು ಕೇಳದೇ ಇದ್ದಿದ್ದೇ ಒಳ್ಳೇದಾಯಿತು ಎಂದರು. ಸಾಬರು ನಗಲಿಲ್ಲ. ಅವರ ಕಣ್ಣು ಟ್ರೇಯಲ್ಲಿದ್ದ ಇಕ್ಕಳದ ಮೇಲಿತ್ತು.

ಹಲ್ಲು ತೆಗೆಸಿಕೊಂಡು ಬಂದ ಮೇಲೆ ಅವರು ಕ್ಲಾರಿಯೋನೆಟ್ಟಿನ ಪೆಟ್ಟಿಗೆ ಮುಟ್ಟಲಿಲ್ಲ. ಬಾಯಿ ಮಾಯಲಿ ಎಂದು ನಾನೂ ಸುಮ್ಮನಿದ್ದೆ. ಬಾಯಿ ಮಾದಿತು. ಆಗಲೂ ಮುಟ್ಟಲಿಲ್ಲ. ಹಾಸಿಗೆ ಹೊಲಿದರು, ನಮಾಜಿಗೆ ಹೋದರು, ಕೇಳಿದ್ದಕ್ಕೆ ಹೂಂ ಅಂದರು. ಹೆದರಿಕೆ ಎಂದು ನನಗೆ ಗೊತ್ತಿತ್ತು. ಊದಿ, ಸ್ವರ ಬಾರದೇ ಹೋದರೆ ಅಲ್ಲಿಗೆ ಮುಗಿಯಿತು. ಊದದೇ ಇದ್ದರೆ ಇನ್ನೂ ಮುಗಿದಿಲ್ಲ ಎಂದುಕೊಳ್ಳಬಹುದು. ಬೈಯುವ ಬಾಯಿ ನನ್ನದು, ಆದರೆ ಈ ವಿಷಯಕ್ಕೆ ಬೈಯಲು ನನಗೆ ಮನಸ್ಸು ಬರಲಿಲ್ಲ.

ಭಾನುವಳ್ಳಿಯ ಮದುವೆಯೊಂದನ್ನು ನಾವು ಸಂಕ್ರಾಂತಿಯಲ್ಲೇ ಒಪ್ಪಿಕೊಂಡಿದ್ದೆವು. ಅದು ಹತ್ತಿರ ಬಂತು. ಬೆಳಿಗ್ಗೆ ಎದ್ದು ಸಾಬರ ಅಂಗಳಕ್ಕೆ ಹೋದೆ. ಅವರು ನಲ್ಲಿಯ ಹತ್ತಿರ ಬ್ರಶ್ಶು ಹಿಡಿದು ನಿಂತಿದ್ದರು. ಅಡುಗೆಮನೆಯಿಂದ ಭಾಬಿ ರೊಟ್ಟಿ ಬಡಿಯುವ ಸದ್ದು.

"ಸಾಬ್ರೆ, ಭಾನುವಳ್ಳಿಯೋರಿಗೆ ಏನ್ ಹೇಳ್ಲಿ?"

ಅವರು ಬ್ರಶ್ಶು ಬಾಯಿಂದ ತೆಗೆದರು. "ಬ್ಯಾರೆ ಸೆಟ್ಟಿನೋರಿಗೆ ಹೇಳಿಬಿಡೋ ಶಿವಯೋಗಿ. ಒಂದು ಹಲ್ಲಿನ ಮ್ಯಾಲೆ ಹೆಂಗೆ ನಿಲ್ಲತೈತೆ ಅದು? ಅಪ್ಪನ ಜಾಗ ಒಂದು ಖಾಲಿ ಬಿತ್ತು."

ಅವರು ಬ್ರಶ್ಶನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು.

"ರೀ, ಸೆಲ್ ಬದ್ಲಿ ಮಾಡ್ರಿ. ಶ್ರುತಿ ಇಳದೈತೆ."

ಸಾಬರು ಹಾಗೇ ನಿಂತುಬಿಟ್ಟರು. ನಾನು ಕಿವಿಗೊಟ್ಟು ಕೇಳಿದೆ. ಹೌದು, ಇಳಿದಿತ್ತು, ಚೆನ್ನಾಗಿಯೇ ಇಳಿದಿತ್ತು. ಇಷ್ಟು ದಿನದಲ್ಲಿ ಮೊದಲ ಸಲ ಅದು ಸಾಬರಿಗೇ ಗೊತ್ತಾಗಿರಲಿಲ್ಲ.

"ಏನಂದಿ?"

"ಶ್ರುತಿ ಇಳದೈತೆ ಅಂದೆ. ನಿನ್ನೆಯಿಂದ ಕೇಳ್ತಾನೇ ಇದೀನಿ. ಬೆಳಬೆಳಿಗ್ಗೆ ಕಿವಿಗೆ ಹಿಂಸೆ."

ಸಾಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮೂವತ್ತು ವರ್ಷ ಕ್ಲಾರಿಯೋನೆಟ್ಟು ಕಲಿಸಲಾಗದ್ದನ್ನು ಆ ನೀಲಿ ಬ್ರಶ್ಶು ನಲ್ಲಿಯ ಹತ್ತಿರ ನಿಂತೇ ಕಲಿಸಿಬಿಟ್ಟಿತ್ತು. ಸಾಬರು ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಪೆಟ್ಟಿಗೆ ಇತ್ತು.

ಮೆಟ್ಟಿಲ ಮೇಲೆ ಕೂತು ಜೋಡಿಸಿದರು. ಬಿದಿರು ಚಕ್ಕೆಯಂಥ ರೀಡನ್ನು ನೆನೆಸಿ ಮೌತ್‌ಪೀಸಿಗೆ ಕಟ್ಟಿದರು. ಮೌತ್‌ಪೀಸು ಬಾಯಿಗಿಟ್ಟುಕೊಂಡಾಗ ಬಲಗಡೆಯ ಹಲ್ಲು ತನ್ನ ತಗ್ಗಿನಲ್ಲಿ ಹೋಗಿ ಕೂತಿತು. ಎಡಗಡೆಯ ತಗ್ಗು ಖಾಲಿಯೇ ಉಳಿಯಿತು. ಊದಿದರು. ಬರೀ ಗಾಳಿ, ಸುಯ್ ಎಂದು ಹೋಯಿತು. ಮೌತ್‌ಪೀಸನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ, ಮೇಲ್ದುಟಿಯನ್ನು ಒಳಗೆ ಮಡಚಿ ಖಾಲಿ ಜಾಗಕ್ಕೆ ಒತ್ತು ಕೊಟ್ಟು ಮತ್ತೆ ಊದಿದರು.

ಸ್ವರ ಬಂತು. ಒರಟಾಗಿ ಬಂತು, ಆದರೆ ಬಂತು. ನಾನು ಗೋಡೆಯ ಕಡೆ ತಿರುಗಿಕೊಂಡೆ, ಕಣ್ಣಲ್ಲಿ ನೀರು ಬಂದಿತ್ತು.

ಸಾಬರು ಊದುವುದು ನಿಲ್ಲಿಸಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಭಾಬಿ ಹಿಟ್ಟಿನ ಕೈಯಲ್ಲೇ ಅಲ್ಲಿ ಬಂದು ನಿಂತಿದ್ದರು.

"ಈಗ ಹೆಂಗೈತೆ?" ಎಂದು ಕೇಳಿದರು ಸಾಬರು. ನಾನಿದ್ದೇನೆಂದು ಕನ್ನಡದಲ್ಲೇ ಕೇಳಿದರು. ಆ ಪ್ರಶ್ನೆಯನ್ನು ಅವರು ಇಪ್ಪತ್ತು ವರ್ಷದಲ್ಲಿ ಯಾರಿಗೂ ಕೇಳಿದ್ದನ್ನು ನಾನು ಕಂಡಿಲ್ಲ.

ಭಾಬಿ ತಲೆ ಓರೆ ಮಾಡಿ ಯೋಚಿಸಿದರು. "ಇನ್ನೊಂದು ಚೂರು ಮ್ಯಾಲೆ ಬರಬೇಕು."

ಸಾಬರು ಮೌತ್‌ಪೀಸನ್ನು ಕೊಳವೆಯೊಳಕ್ಕೆ ಚೂರು ಒತ್ತಿ ಮತ್ತೆ ಊದಿದರು.

"ಹಾಂ, ಈಗ ಸರಿ ಐತೆ" ಎಂದು ಹೇಳಿ ಭಾಬಿ ರೊಟ್ಟಿ ಬಡಿಯಲು ಒಳಗೆ ಹೋದರು. ನಾನು ಡ್ರಮ್ ತರಲು ಮನೆಗೆ ಓಡಿದೆ.